ಹೌನ್ಸ್ಲೋದಲ್ಲಿ ಚರಗ

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಲಂಡನ್ನಿನ ಹೌನ್ಸ್ಲೋದ ನಮ್ಮ ಬೀದಿಯಲ್ಲಿ ಕನ್ನಡದ ಮನೆ ನಮ್ಮದೊಂದೇ. ಗುಡಿ ದೂರ, ಬಂಧುಗಳು ಇನ್ನೂ ದೂರ. ಆದರೂ ವಿಜಯಪುರದ ಕಡೆಯ ನಮ್ಮಮ್ಮ ಹಬ್ಬ ಬಿಟ್ಟವಳಲ್ಲ. ಎಳ್ಳಮಾವಾಸ್ಯೆ ಬಂದರೆ ಮಾತ್ರ ಮಂಕಾಗುತ್ತಿದ್ದಳು. ಅಂದು ಹೊಲಕ್ಕೆ ಹೋಗಿ, ಭೂತಾಯಿಗೆ ಅಡುಗೆಯ ಚರಗ ಚೆಲ್ಲಿ, ಆಮೇಲೆ ಉಣ್ಣಬೇಕು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಹೊಲ ಎಲ್ಲಿಂದ ಬರಬೇಕು?

"ಬಾಲ್ಕನಿ ಕುಂಡ್ಯಾಗ ಚೆಲ್ಲಿಬಿಡು," ಎಂದು ಅಪ್ಪ ಅಂದದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು.

ನನಗೆ ಒಂಬತ್ತು ತುಂಬಿದ ವರ್ಷ ದಾರಿ ತೆರೆಯಿತು. ಕೆಳಮನೆಯ ಜಾರ್ಜ್ ಅಜ್ಜ ಕೌನ್ಸಿಲ್‌ನಿಂದ ಒಂದು ತುಂಡು ನೆಲ ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುತ್ತಿದ್ದರು. ಅಮ್ಮ ಕೊಟ್ಟ ಮೆಂತ್ಯದ ಬೀಜ ಅಲ್ಲಿ ಚೆನ್ನಾಗಿ ಬಂದಿತ್ತು. ಚರಗಕ್ಕೆ ಕೇಳಿದೊಡನೆ ಹೂಂ ಅಂದರು.

ಅಪ್ಪನಿಗೆ ವಿಮಾನ ನಿಲ್ದಾಣದಲ್ಲಿ ಡ್ಯೂಟಿ. ಆದ್ದರಿಂದ ಅಮ್ಮ ಚರಗದ ಕೂಗನ್ನು ನನಗೇ ಹೇಳಿಕೊಟ್ಟಳು: "ನಾ ಹುಲ್ಲುಲ್ಲಿಗೋ ಅಂತೀನಿ, ನೀ ಹಿಂದ ಸಲಾಂಬ್ರಿಗೋ ಅನಬೇಕು. ಓಗೊಡೋರಿಲ್ಲಂದ್ರ ಚರಗ ಆಗೂದಿಲ್ಲವ್ವಾ."

ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬುಟ್ಟಿ ತುಂಬಿದವು. ಅದರ ಘಮಕ್ಕೆ ನನ್ನ ಬಾಯಲ್ಲಿ ನೀರು. ಆದರೆ ಅಲ್ಲಿಗೆ ಹೋಗಿ ನೋಡಿದರೆ ಅಜ್ಜನ ಮೊಮ್ಮಗಳು ಎಮ್ಮಾ ನಿಂತಿದ್ದಾಳೆ! ನನ್ನದೇ ಕ್ಲಾಸು. ಇಡೀ ಕ್ಲಾಸಿಗೆ ಹೇಳಿ ನಗುತ್ತಾಳೆ ಅನ್ನಿಸಿತು.

ಮಂಜುಗಟ್ಟಿದ ಮಣ್ಣಿನ ಮೇಲೆ ಅಮ್ಮ ಮೊದಲ ಹಿಡಿ ಚೆಲ್ಲಿದಳು. "ಹುಲ್ಲುಲ್ಲಿಗೋ..."

ನಾನು ಶೂ ನೋಡುತ್ತ ನಿಂತೆ. ಅಮ್ಮ ಕಾದಳು. ಮತ್ತೆ ಕೂಗಿದಳು, ದನಿ ಸಣ್ಣಗಾಗಿತ್ತು.

"ನಿನ್ನಮ್ಮ ಯಾಕೆ ನಿಂತಳು?" ಎಂದು ಜಾರ್ಜ್ ಅಜ್ಜ ಇಂಗ್ಲಿಷಿನಲ್ಲಿ ಕೇಳಿದರು.

"ನಾನು ಉತ್ತರ ಕೂಗಬೇಕು."

"ಹಾಗಾದರೆ ಕೂಗು ಮಗು. ಅವಳನ್ನು ಒಂಟಿಯಾಗಿ ನಿಲ್ಲಿಸಬೇಡ."

ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಕೂಗಿದೆ: "ಸಲಾಂಬ್ರಿಗೋ!"

ಅಮ್ಮ ತಿರುಗಿ ನೋಡಿದ ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ. ಎಮ್ಮಾ ನಗಲಿಲ್ಲ. ತಾನೂ ಚೆಲ್ಲಬಹುದಾ ಎಂದು ಕೈಚಾಚಿದಳು. ನಾಲ್ವರೂ ಗೋಣಿಚೀಲದ ಮೇಲೆ ಕೂತು ಉಂಡೆವು. ಎಣ್ಣೆಗಾಯಿಯ ಖಾರಕ್ಕೆ ಅಜ್ಜ ಮೂಗೊರೆಸುತ್ತಲೇ ಇನ್ನಷ್ಟು ಹಾಕಿಸಿಕೊಂಡರು. "ಈಗ ಈ ಊರು ನಮ್ಮದಾತು," ಅಂದಳು ಅಮ್ಮ.

ಈಗ ಲಂಡನ್ನಿನಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಎಳ್ಳಮಾವಾಸ್ಯೆಗೆ ಬಾಡಿಗೆಗೆ ಹಾಲ್ ಹಿಡಿಯುತ್ತಾರೆ, ಊಟ ಹೊರಗಿನಿಂದ ಬರುತ್ತದೆ. ಕಾರ್ಪೆಟ್ಟಿನ ಮೇಲೆ ಯಾರೂ ಚರಗ ಚೆಲ್ಲುವುದಿಲ್ಲ, ಕೂಗುವುದೂ ಇಲ್ಲ. ಜಾರ್ಜ್ ಅಜ್ಜ ಇಲ್ಲ, ಅಮ್ಮನೂ ಇಲ್ಲ.

ವರ್ಷಗಟ್ಟಲೆ ಕಾದ ಮೇಲೆ ಕೌನ್ಸಿಲ್ ನನಗೂ ಒಂದು ತುಂಡು ನೆಲ ಕೊಟ್ಟಿದೆ. ಕಳೆದ ಎಳ್ಳಮಾವಾಸ್ಯೆಗೆ ಅಲ್ಲಿ ಮೊದಲ ಹಿಡಿ ಚೆಲ್ಲಿ ಕೂಗಿದೆ. ಕೂಗು ಮುಗಿಯುವ ಮೊದಲೇ ಹಿಂದಿನಿಂದ ಮಗಳು ಓಗೊಟ್ಟಳು. ಎರಡನೇ ಹಿಡಿ ಅವಳ ಕೈಗೇ ಕೊಟ್ಟೆ.