ಕಿಡಿ ಹಿಡಿದ ದಾರಿ

ಬೆಳಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಕಿಡಿ ದಾರಿ ತಪ್ಪಿತು. ಆಯುಧಪೂಜೆಯ ರಜೆ ಮುಗಿದ ಮೊದಲ ದಿನ, ಯಲಹಂಕದ ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬು. ನನ್ನ ಜೊತೆ ಪಾಠ ಮಾಡುವ ಧಾರವಾಡ ಕಡೆಯ ಮೇಡಂ, ಗಾಳಿ ತೆಗೆದ ಗಾಜಿನ ಕೊಳವೆಗೆ ಕಾಯಿಲ್‌ನಿಂದ ಭಾರೀ ವೋಲ್ಟೇಜ್ ಹಾಯಿಸಲು ಸ್ವಿಚ್ಚಿನ ಮೇಲೆ ಕೈಯಿಟ್ಟಿದ್ದರು. ಒಡೆಯಲಾರದ ಗುಂಡು ಎಂದು ನಂಬಿದ್ದ ಪರಮಾಣುವಿನೊಳಗೆ ಎಲೆಕ್ಟ್ರಾನ್ ಇದೆಯೆಂದು ತಿಳಿದದ್ದು ಇಂಥದೇ ಕೊಳವೆಯಿಂದ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಚಟಾರ್ ಎಂದು ಕಿಡಿ ಅವರ ಕೈಗೆ ಹಾರಿತು. ಅವರು ಹಿಂದಕ್ಕೆ ಬಿದ್ದರು; ಮೊಣಕೈ ತಾಗಿ ಕೊಳವೆ ಸಿಡಿಯಿತು. ನಾನು ಮೇನ್ ಆಫ್ ಮಾಡಿ ಓಡಿದೆ. ಗಾಜು ಸೀಳಿದ ಅವರ ಹುಬ್ಬಿನ ರಕ್ತ ಕಣ್ಣಿಗಿಳಿಯುತ್ತಿತ್ತು.

ಅವರ ಕಣ್ಣು ಉಳಿಯಿತು. ನನ್ನ ನಿದ್ದೆ ಹೋಯಿತು. ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೂ ಬೆಚ್ಚುತ್ತಿದ್ದೆ.

"ಇನ್ಮೇಲೆ ವಿಡಿಯೊ ತೋರಿಸ್ಬಿಡಿ ಕಣ್ರೀ, ಯಾಕೆ ರಿಸ್ಕು?" ಎಂದರು ಪ್ರಿನ್ಸಿಪಾಲರು. ಕಾಯಿಲ್ ಗುಜರಿಗೆ ಹೋಗುವುದೆಂದಾಯಿತು. ನಾನೂ ತಲೆಯಾಡಿಸಿದೆ.

ಹೊಲಿಗೆ ಹಾಕಿದ ಹುಬ್ಬಿನಲ್ಲೇ ಮರಳಿದ ಮೇಡಂ ಒಪ್ಪಲಿಲ್ಲ. "ಚಿನ್ನದ ಹಾಳಿಗೆ ಹೊಡೆದ ಕಣ ತಿರುಗಿ ಬಂತಂತ ಆ ವಿಜ್ಞಾನಿಗಳು ಪ್ರಯೋಗ ಬಿಟ್ಟರೇನ್ರೀ? ಯಾಕ ತಿರುಗಿತು ಅಂತ ಕೇಳಿದ್ರು. ಅದಕ್ಕ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ ಸಿಕ್ತು. ನಮ್ಮ ಕಿಡಿ ನನ್ನ ಕಡೆ ಯಾಕ ಬಂತು, ಹೇಳ್ರಿ ನೋಡೋಣು?"

ಲೆನ್ಸ್ ಹಿಡಿದು ಹುಡುಕಿದೆವು. ಕಾಯಿಲ್‌ನ ತಂತಿಯನ್ನು ಎತ್ತಿ ಹಿಡಿದ ಪ್ಲಾಸ್ಟಿಕ್ ಕಂಬದ ಮೇಲೆ ಸುಟ್ಟ ಕಪ್ಪು ಗೆರೆಯಿತ್ತು, ಪೂಜೆಯಲ್ಲಿ ಗಂಧ ಹಚ್ಚಿದ ಜಾಗದಲ್ಲೇ. ಮಳೆಯ ತಂಪಿಗೆ ಅಂದು ಗಂಧ ಒಣಗಿರಲಿಲ್ಲ; ಆ ಒದ್ದೆಯ ಮೇಲೇ ವಿದ್ಯುತ್ತು ಹರಿದಿರಬೇಕು.

"ಅಯ್ಯ, ನಾನಽ ಹಚ್ಚಿದ್ದಲ್ರೀ! ಭಕ್ತಿ ಜಾಸ್ತಿ ಆತು," ಎಂದು ನಕ್ಕರು.

ಆದರೆ ಊಹೆ ಅವರಿಗೆ ಸಾಲದು. ಇನ್ನೊಂದು ಕಂಬಕ್ಕೆ ಒದ್ದೆ ಗಂಧ ಬಳಿದು, ಸ್ವಿಚ್ಚನ್ನು ಬಾಗಿಲಾಚೆಗೆ ಒಯ್ದೆವು. ಒತ್ತುವ ಕೆಲಸ ನಾನೇ ಕೇಳಿ ಪಡೆದೆ. ಒತ್ತಿದೆ. ಕಿಡಿ ಗಂಧದ ಗುಂಟ ಹರಿಯಿತು. ಒರೆಸಿ ಒಣಗಿಸಿದ ಮೇಲೆ ಕಿಡಿ ಅತ್ತ ಸುಳಿಯಲಿಲ್ಲ. ಮತ್ತೆ ಬಳಿದೆವು, ಮತ್ತೆ ಒರೆಸಿದೆವು. ಪ್ರತಿ ಸಲವೂ ಹಾಗೆಯೇ.

ಅದನ್ನು ಕಣ್ಣಾರೆ ಕಂಡ ಪ್ರಿನ್ಸಿಪಾಲರು ಗುಜರಿಯ ಮಾತು ಬಿಟ್ಟರು. ಗಂಗಾನಗರದ ಕಾಲೇಜೊಂದರಿಂದ ಕೊಳವೆ ಎರವಲು ತಂದೆವು. ಮಕ್ಕಳನ್ನು ದೂರ ನಿಲ್ಲಿಸಿ ಬಾಗಿಲಾಚೆಯಿಂದ ಸ್ವಿಚ್ ಒತ್ತಿದೆ. ಗಾಜಿನಲ್ಲಿ ಹಸಿರು ಬೆಳಕಿನ ಗೆರೆ ಮೂಡಿತು. ಉದ್ದ ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ಮೇಡಂ ಹತ್ತಿರ ತಂದರು.

"ಮಗಾ, ಬಗ್ತು ಕಣೋ!" ಹಿಂದಿನಿಂದ ಯಾರೋ ಕೂಗಿದರು.

ಈಗ ಆಯುಧಪೂಜೆಯ ಗಂಧ ಲ್ಯಾಬಿನ ಬಾಗಿಲಿಗೆ ಮಾತ್ರ. ಹಸಿರು ಬೆಳಕು ಬಗ್ಗಿದ ಆ ರಾತ್ರಿ ಮಲಗಿದ ನಾನು ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಗೆ ಬಂದಿತ್ತು.