ಮಾವನವರ ಕಾರಿನ ಹೊಗೆ

ಹಣೆಯ ಮೇಲೆ ವಿಭೂತಿಯ ಮೂರು ಬಿಳಿ ಪಟ್ಟೆ, ಅದರ ಕೆಳಗೆ ಹುಬ್ಬಿನಿಂದ ಹುಬ್ಬಿಗೆ ಗ್ರೀಸಿನ ಒಂದು ಕಪ್ಪು ಪಟ್ಟೆ. ನನ್ನ ಮಾವನವರನ್ನು ನೆನೆದಾಗಲೆಲ್ಲ ಮೊದಲು ಕಾಣುವುದು ಈ ಹಣೆ. ಬೆಳಗಿನ ಪೂಜೆ ಮುಗಿದದ್ದೇ ತಡ, ಕಾರಿನ ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕುತ್ತಿದ್ದರು. ಹೆಗಲ ಮೇಲೆ ಟವೆಲ್ ಇದ್ದರೂ ಬೆವರು ಒರೆಸಿಕೊಳ್ಳುವುದು ಮುಂಗೈಯಿಂದಲೇ. ಹಾಗೆಯೇ ತಿಂಡಿಗೆ ಬಂದು ಕೂರುತ್ತಿದ್ದರು. "ಹಣಿ ತೊಳ್ಕಂಡು ಬರ್ರಿ" ಎಂದು ಅತ್ತೆ ಗದರಿದರೆ, "ತಿನ್ನೋದು ಬಾಯಾಗ, ಹಣ್ಯಾಗಲ್ಲ" ಎನ್ನುವರು.

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಅವರು ನಿವೃತ್ತರಾಗಿ ಮನೆಯಲ್ಲಿದ್ದರು. ಗಿರಣಿಯ ಯಂತ್ರಗಳೆಲ್ಲ ತಪ್ಪಿಹೋದ ಮೇಲೆ ಅವರ ಕೈಗೆ ಉಳಿದದ್ದು ಒಂದೇ ಯಂತ್ರ, ಬೂದು ಬಣ್ಣದ ಹಳೆಯ ಅಂಬಾಸಡರ್. ನಾನು ಎಸ್.ಎಸ್. ಬಡಾವಣೆಯ ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ ಹರಿಹರದ ಪ್ರೌಢಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಹರಿಹರಕ್ಕೆ ಬಸ್ಸಿಗೇನು ಬರ? ಒಂದು ಹೋದರೆ ಬೆನ್ನಿಗೇ ಇನ್ನೊಂದು. ಆದರೆ ಮಾವ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟರು. "ಮನ್ಯಾಗ ಕಾರ್ ಐತೆ. ಸೊಸಿ ಬಸ್ಸಿನಾಗ ನಿಂತ್ಕಂಡು ಹೋಗೋದು ಬ್ಯಾಡ."

ಓಣಿಯ ಹೆಂಗಸರು ನನ್ನನ್ನು ಪುಣ್ಯವಂತೆ ಎಂದರು. ಅವರಿಗೇನು ಗೊತ್ತು! ಮಾವ ದಾರಿಯುದ್ದಕ್ಕೂ ಎದುರು ಬಂದ ಲಾರಿಯವರನ್ನೆಲ್ಲ ಬೈಯುತ್ತಿದ್ದರು. ಹಿಂದಿನ ಬಸ್ಸು ಹಾರನ್ ಹೊಡೆದರೆ ಬೇಕೆಂದೇ ಇನ್ನಷ್ಟು ನಿಧಾನ ಮಾಡುತ್ತಿದ್ದರು. ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುವ ಹೊತ್ತಿಗೆ ನಮ್ಮ ಕಾರು ಶಾಲೆಯ ಗೇಟಿನ ಮುಂದೆ ನಿಲ್ಲುತ್ತಿತ್ತು. ಮುಖ್ಯೋಪಾಧ್ಯಾಯರು ಒಮ್ಮೆ, "ನಾಳೆಯಿಂದ ಬಸ್ಸಿಗೆ ಬನ್ನಿ ಮೇಡಂ, ಬೇಗ ಬರ್ತೀರಿ" ಎಂದರು. ಇದನ್ನು ಮನೆಯಲ್ಲಿ ಹೇಳಿದ್ದಕ್ಕೆ ಮಾವ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಕಾರಿನಲ್ಲಿ ಬಿಡುವುದನ್ನು ಮಾತ್ರ ಬಿಡಲಿಲ್ಲ.

ಮರುವರ್ಷ ಬೇಸಿಗೆ ಕಳೆದು ಶಾಲೆ ಶುರುವಾದಾಗ ಕಾರಿನ ದನಿ ಬದಲಾಗಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನಡಿ ಯಾರೋ ತಮಟೆ ಬಡಿದಂತೆ ಟಪ್ ಟಪ್ ಟಪ್ ಎಂಬ ಸದ್ದು. ಜೊತೆಗೆ ಕಾರಿನೊಳಗೆ ಸುಟ್ಟ ವಾಸನೆ. ಶಾಲೆ ಮುಟ್ಟುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು, ಊಟದ ಬಿಡುವಿನ ಹೊತ್ತಿಗೆ ತಾನೇ ಇಳಿಯುತ್ತಿತ್ತು. ಭಾನುವಾರ ತಲೆನೋವಿನ ಸುಳಿವೇ ಇಲ್ಲ. ನಾನು ಇದನ್ನು ಹೇಳಿದಾಗ ಮಾವನ ಉತ್ತರ ಸಿದ್ಧವಾಗಿತ್ತು. "ನೀನು ಬೆಳಿಗ್ಗೆ ಸರಿಯಾಗಿ ತಿನ್ನಲ್ಲವ್ವಾ. ಪಿತ್ತ ಅದು. ಕಾರಿಗೆ ಯಾಕ ಬೈತಿ?"

ನಮ್ಮೂರಿನ ಆನೆಕೊಂಡದಲ್ಲಿ ಅವರ ಗುರುತಿನ ಒಬ್ಬ ಮೆಕ್ಯಾನಿಕ್ ಇದ್ದ. ನಾನು ಹಟ ಹಿಡಿದು ಕಾರನ್ನು ಅಲ್ಲಿಗೆ ಒಯ್ಯಿಸಿದೆ. ಆತ ಎಂಜಿನ್ನಿನ ಮಗ್ಗುಲಿಗೆ ಬಿಗಿದಿದ್ದ ದಪ್ಪನೆಯ ಕಬ್ಬಿಣದ ಕೊಳವೆಗಳ ಗೊಂಚಲನ್ನು ತೋರಿಸಿದ. ಎಂಜಿನ್ನಿನಲ್ಲಿ ಉರಿದ ಹೊಗೆಯೆಲ್ಲ ಅದರೊಳಗೆ ಕೂಡಿ, ಅಲ್ಲಿಂದ ಹಿಂದಿನ ಸೈಲೆನ್ಸರಿಗೆ ಹೋಗಬೇಕು. ಅದರ ಮೇಲೆ ಕೂದಲೆಳೆಯಂಥ ಬಿರುಕು, ಸುತ್ತ ಮಸಿ.

"ಮ್ಯಾನಿಫೋಲ್ಡ್ ಸೀಳೈತೆ ಸಾಹುಕಾರ್ರೆ. ಹೊಗಿ ಒಳಗ ಬರ್ತತೆ. ಬದ್ಲಿ ಮಾಡ್ರಿ" ಎಂದ.

"ಕಾರ್ ಜೊತಿ ಬಂದ ಮಾಲು ಇದು. ಇಂಥದ್ದು ಈಗ ಎಲ್ಲೂ ಸಿಗಲ್ಲ" ಎಂದರು ಮಾವ, ಬದಲಿಸುವ ಮಾತೇ ಆಡಬೇಡ ಎನ್ನುವಂತೆ.

ಅಲ್ಲಿಂದ ಶುರುವಾಯಿತು ನೋಡಿ ಮಾವನ ಮನೆವೈದ್ಯ. ಮೊದಲು ಬಿರುಕಿಗೆ ಅದೇನೋ ಬಿಳಿಯ ಲೇಪ ಮೆತ್ತಿದರು. ವಾರದೊಳಗೆ ಅದು ಸುಟ್ಟು ಉದುರಿತು. ಆಮೇಲೆ ಬೆಂಕಿ ತಡೆಯುವ ಹಗ್ಗ ಸುತ್ತಿ ತಂತಿ ಬಿಗಿದರು. ಕೊನೆಗೆ ಅದನ್ನು ಬಿಚ್ಚಿ ಹರಿಹರದ ವೆಲ್ಡಿಂಗ್ ಅಂಗಡಿಗೆ ಒಯ್ದರು. "ಇದು ಬೀಡು ಕಬ್ಬಿಣ ಯಜಮಾನ್ರೆ, ಬೆಸುಗೆ ಬಾಳ ದಿನ ನಿಲ್ಲಲ್ಲ" ಎಂದು ಅಂಗಡಿಯವನು ಮುಂಚೆಯೇ ಹೇಳಿದ. ನಿಲ್ಲಲೂ ಇಲ್ಲ. ಬೆಸುಗೆಯ ಪಕ್ಕದಲ್ಲೇ ಹೊಸದಾಗಿ ಸೀಳಿತು. ಮಾವ ಅದಕ್ಕೂ ಲೇಪ ಮೆತ್ತಿದರು. ನನ್ನ ಗಂಡನಿಗೆ ದೂರು ಕೊಟ್ಟರೆ, "ಅಪ್ಪಗ ಯಾರು ಹೇಳ್ತಾರ ಮಾರಾಯ್ತಿ, ಕಿಟಕಿ ತಕ್ಕಂಡು ಕೂಡ್ರು" ಎಂದು ತಮ್ಮ ಅಂಗಡಿಗೆ ಹೊರಟುಬಿಟ್ಟರು.

ಒಂದು ಬೆಳಿಗ್ಗೆ ಜಡಿಮಳೆ. ಕಿಟಕಿ ತೆಗೆಯುವ ಹಾಗಿಲ್ಲ. ಅರ್ಧ ದಾರಿಯಲ್ಲಿ ಲಾರಿಯೊಂದು ಅಡ್ಡ ಬಿದ್ದು ವಾಹನಗಳು ಸಾಲುಗಟ್ಟಿ ನಿಂತಿದ್ದವು. ನಾನು ಎಂಜಿನ್ ಆರಿಸಲು ಹೇಳಿದೆ.

"ಮಳ್ಯಾಗ ಆಫ್ ಮಾಡಿದ್ರ ಮತ್ತ ಸ್ಟಾರ್ಟ್ ಆಗಲ್ಲ. ಸುಮ್ನೆ ಕೂಡ್ರವ್ವಾ."

ಬಹಳ ಹೊತ್ತು ಹಾಗೇ ನಿಂತಿದ್ದೆವು. ನಾನು ತಡೆಯಲಾರದೆ ನನ್ನ ಕಡೆಯ ಗಾಜನ್ನು ಇಳಿಸಿ ಮುಖವನ್ನು ಮಳೆಗೆ ಒಡ್ಡಿ ಕುಳಿತೆ. ಸೀಟು ನೆನೆಯುತ್ತದೆಂದು ಮಾವ ಬೈದರು. ಸಾಲು ಕರಗಿ ಕಾರು ಹೊರಟ ಮೇಲೆ ಅವರ ಬೈಗುಳ ನಿಂತಿತು. ಎದುರಿಗೆ ಲಾರಿ ಬಂತು, ಹೋಯಿತು. ಅವರು ಏನೂ ಅನ್ನಲಿಲ್ಲ. ತಿರುಗಿ ನೋಡಿದರೆ ಗದ್ದ ಎದೆಗೆ ತಾಗಿತ್ತು, ಕಾರು ಎಡಕ್ಕೆ ವಾಲುತ್ತ ಗದ್ದೆಯ ಕಡೆ ಇಳಿಯುತ್ತಿತ್ತು. ನಾನು ಸ್ಟೀರಿಂಗಿಗೆ ಕೈ ಹಾಕಿ ಎಳೆದೆ. ಕಾರು ರಸ್ತೆ ಬದಿಯ ಕೆಸರಿನ ಚರಂಡಿಯಲ್ಲಿ ಹೂತು, ಒಮ್ಮೆ ಜಗ್ಗಿ, ನಿಂತಿತು.

ಹಿಂದೆ ಬರುತ್ತಿದ್ದ ನಂದಿಗುಡಿಯ ಬಸ್ಸು ನಿಲ್ಲಿಸಿ ಜನ ಓಡಿ ಬಂದರು. ಮಾವನನ್ನು ಹೊರಗೆಳೆದು ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿದರು. ತಣ್ಣನೆಯ ಗಾಳಿಗೆ ಅವರು ವಾಂತಿ ಮಾಡಿಕೊಂಡರು, ಆಮೇಲೆ ಕಣ್ಣು ಬಿಟ್ಟರು. ಬಿಟ್ಟವರೇ ಕೇಳಿದ ಮೊದಲ ಮಾತು:

"ಕಾರಿಗೆ ಏನಾತು?"

ನನಗೆ ಎಲ್ಲಿತ್ತೋ ಆ ದನಿ. ಅಷ್ಟು ಜನರ ಮುಂದೆ, ತಲೆಯ ಮೇಲಿನ ಸೆರಗು ಜಾರಿ, ಮೈಯೆಲ್ಲ ಕೆಸರಾಗಿ, ನನ್ನ ಮಾವನ ಮೇಲೆ ಕೂಗಾಡಿದೆ. "ಸುಟ್ಟು ಹೋಗ್ಲಿ ನಿಮ್ಮ ಕಾರು! ನೀವು ಸತ್ತಿದ್ರ ಅತ್ತಿಗೆ ಏನಂತ ಹೇಳಬೇಕಿತ್ತು ನಾನು? ಪಿತ್ತ ಅಂತಾನಾ?"

ಕಂಡಕ್ಟರ್ ತಲೆ ತಗ್ಗಿಸಿ ಟಿಕೆಟ್ ಚೀಲ ಸರಿಪಡಿಸಿಕೊಂಡ. ಮಾವ ನನ್ನ ಕೆಸರಾದ ಕಾಲುಗಳನ್ನೇ ನೋಡುತ್ತ ಕುಳಿತರು. ಆಮೇಲೆ, "ನಿನಗೇನೂ ಆಗಿಲ್ಲಲ್ಲವ್ವಾ?" ಎಂದರು.

ಕೆಸರಿನಿಂದ ಎಳೆಸಿ ಮನೆಗೆ ತಂದ ಕಾರನ್ನು ಗುಜರಿಗೆ ಹಾಕುವುದೆಂದು ನನ್ನ ಗಂಡ ತೀರ್ಮಾನಿಸಿದರು. ಮಾವ ಎದುರಾಡಲಿಲ್ಲ. ಆದರೆ ಮರುದಿನವೇ ಆಟೋ ಹತ್ತಿ ಗುಜರಿಗೆ ತಾವೇ ಹೋದರು, ಕಾರು ಕೊಡಲಿಕ್ಕಲ್ಲ. ಬರುವಾಗ ಗೋಣಿಚೀಲದಲ್ಲಿ ಬೇರೊಂದು ಅಂಬಾಸಡರ್ ಕಾರಿನ ಮ್ಯಾನಿಫೋಲ್ಡ್ ಇತ್ತು. ಎಲ್ಲೂ ಸಿಗುವುದಿಲ್ಲ ಎಂದಿದ್ದರಲ್ಲ, ಅದೇ ಮಾಲು! ಹರಿಹರದ ಲೇತ್ ಅಂಗಡಿಯಲ್ಲಿ ಅದು ಎಂಜಿನ್ನಿಗೆ ಕೂರುವ ಮುಖವನ್ನು ಮಟ್ಟ ಮಾಡಿಸಿಕೊಂಡೂ ಬಂದರು.

ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ. "ಬಾರವ್ವಾ ಇಲ್ಲಿ. ನನ್ನ ಕೈ ನಿಲ್ಲವಲ್ಲವು. ನಿನ್ನ ಕೈ ಸಣ್ಣವು, ಸಂದಿಯಾಗ ಹೋಗ್ತಾವ" ಎಂದರು. ನಮ್ಮಿಬ್ಬರನ್ನೂ ಕೊಲ್ಲಲು ಹೊರಟಿದ್ದ ಕಾರಿಗೇ ನಾನು ಸೇವೆ ಮಾಡಬೇಕಂತೆ! ಬೈದುಕೊಳ್ಳುತ್ತಲೇ ಸೆರಗು ಸಿಕ್ಕಿಸಿ ನಿಂತೆ. ಕಾರ್ಬೊರೇಟರ್ ಬಿಚ್ಚಿದ್ದಾಯಿತು. ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಸುರಿದು ಕಾದಿದ್ದಾಯಿತು. ಆಮೇಲೆ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಶುರು: "ಎಡಕ್ಕ. ಅಯ್ಯ, ನಿನ್ನ ಎಡ ಅಲ್ಲ, ಕಾರಿನ ಎಡ. ಪಾನಾ ಪೂರ್ತಿ ಕೂಡ್ರಿಸು. ಜಗ್ಗಬ್ಯಾಡ, ಒತ್ತು." ಒತ್ತಿದೆ. ಪಟಕ್ಕೆಂದು ಒಂದು ಬೋಲ್ಟು ಎಂಜಿನ್ನಿನಲ್ಲೇ ಮುರಿದು ಉಳಿಯಿತು. ಇನ್ನು ಆಯಿತು ನನ್ನ ಕಥೆ ಎಂದುಕೊಂಡೆ. ಮಾವ ಬಗ್ಗಿ ನೋಡಿ, "ನಾನು ಹಿಡಿದಿದ್ರೂ ಮುರಿತಿತ್ತು ಬಿಡು" ಎಂದರು. ನನ್ನ ಮದುವೆಯಾದ ಮೇಲೆ ಅವರ ಬಾಯಿಂದ ನಾನು ಕೇಳಿದ ಎರಡನೆಯ ಮೆದು ಮಾತು ಅದು.

ಆ ತುಂಡನ್ನು ತೆಗೆಸಲು ಆನೆಕೊಂಡದ ಮೆಕ್ಯಾನಿಕ್ಕೇ ಡ್ರಿಲ್ ಹಿಡಿದು ಬರಬೇಕಾಯಿತು. "ಈಗರ ಬದ್ಲಿ ಮಾಡಾಕ ಮನಸ್ಸಾತಲ್ಲ" ಎಂದು ಆತ ನಕ್ಕರೆ ಮಾವ ಕೇಳಿಸದವರಂತೆ ನಿಂತರು. ಸಂಜೆಯ ಹೊತ್ತಿಗೆ, ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಇಟ್ಟು, ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ನಟ್ಟುಗಳನ್ನು ಬಿಗಿದೆ. ಸ್ಟಾರ್ಟ್ ಮಾಡಿದಾಗ ತಮಟೆ ಇರಲಿಲ್ಲ. ಮಾವ ಬಾನೆಟ್ಟಿನ ಮೇಲೆ ಬಗ್ಗಿ ಮೂಸಿದರು, ಒಳಗೆ ಕೂತು ಮೂಸಿದರು. ಆಮೇಲೆ ಇಳಿದು, ನಾನು ಕೂರುತ್ತಿದ್ದ ಎಡಬದಿಗೆ ಬಂದು ಬಾಗಿಲು ಹಿಡಿದು ನಿಂತರು.

"ಆ ಕಡಿ ಹೋಗಿ ಕೂಡ್ರು. ನಾಳಿಂದ ಹೊಡಿಯೋದು ಕಲಿ."

"ನಾನಾ? ಯಾಕ ಮಾವಾರ?"

"ನಾನು ಮತ್ತ ನಿದ್ದಿ ಹೋದ್ರ?"

ನಿದ್ದೆಯಂತೆ! ಕೊನೆಯವರೆಗೂ ಅದನ್ನವರು ಹೊಗೆ ಎನ್ನಲಿಲ್ಲ. "ಅವತ್ತು ನಿದ್ದಿ ಹೋಗಿದ್ನಲ್ಲ" ಎಂದೇ ಹೇಳುತ್ತಿದ್ದರು. ಅವರಷ್ಟು ಕೆಟ್ಟ ಗುರುವನ್ನು ನಾನು ನೋಡಿಲ್ಲ. ಗೇರ್ ಕಿರ್ರೆಂದರೆ ಅವರ ಹಲ್ಲೇ ಕಿತ್ತಂತೆ ಮುಖ ಹಿಂಡುತ್ತಿದ್ದರು. ಅಳುತ್ತ ಇಳಿದು ಮನೆಗೆ ನಡೆದದ್ದೂ ಉಂಟು. ಅವರು ಕಾರನ್ನು ನನ್ನ ಹಿಂದೆ ಹಿಂದೆಯೇ ನಿಧಾನಕ್ಕೆ ಬಿಡುತ್ತ, ಕಿಟಕಿಯಿಂದ ಪಾಠ ಮುಂದುವರಿಸುತ್ತಿದ್ದರು. ಆದರೂ ದೀಪಾವಳಿಯ ಹೊತ್ತಿಗೆ ಲೈಸೆನ್ಸ್ ಬಂತು. ಆಗ ನಮ್ಮ ಬಡಾವಣೆಯಲ್ಲಿ ಕಾರು ಹೊಡೆಯುವ ಹೆಂಗಸರು ಇನ್ನಾರೂ ಇರಲಿಲ್ಲ. ನೆಂಟರೊಬ್ಬರು "ಸೊಸಿ ಕೈಯಾಗ ಕಾರ್ ಕೊಟ್ರೇನು?" ಎಂದು ಕುಟುಕಿದಾಗ ಮಾವ, "ಆಕಿ ಎಂಜಿನ್ ಬಿಚ್ಚಿದಾಕಿ. ನೀವು ಬಾನೆಟ್ ತಗದು ನೋಡೀರೇನು?" ಎಂದು ಬಾಯಿ ಮುಚ್ಚಿಸಿದರು.

ಎರಡು ವರ್ಷದ ನಂತರ ಬೇಸಿಗೆ ರಜೆಯಲ್ಲಿ, ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಹೇಳದೆ ಕೇಳದೆ ಹೊರಟುಹೋದದ್ದಕ್ಕೂ ನನಗೆ ಅವರ ಮೇಲೆ ಸಿಟ್ಟೇ ಬಂತು. ಸಿಟ್ಟು ಬಿಟ್ಟು ಬೇರೆ ರೀತಿಯಲ್ಲಿ ಅಳಲು ಅವರು ನನಗೆ ಕಲಿಸಿರಲಿಲ್ಲ.

ಶಾಲೆ ತೆರೆಯುವ ಹಿಂದಿನ ದಿನ ಕಾರನ್ನೊಮ್ಮೆ ಹರಿಹರದವರೆಗೆ ಓಡಿಸಿ ನೋಡೋಣವೆಂದು ಹೊರಟೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು, ಹಿಂದಿನ ಬಾಗಿಲ ಹತ್ತಿರ ಒಂದು ಕ್ಷಣ ನಿಂತರು, ಆಮೇಲೆ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕುಳಿತರು.

"ಅವರು ನನ್ನ ಒಂದು ದಿನಾನೂ ಮುಂದ ಕೂಡ್ರಿಸಿದವರಲ್ಲ" ಎಂದರು. ಊರು ದಾಟಿ ರಸ್ತೆ ಬಯಲಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನಾ ಸ್ವಲ್ಪ ಜೋರಾಗಿ ಹೊಡಿಯವ್ವಾ" ಎಂದರು.

ನಾನು ಹೊಡೆದೆ.