ನೀರು ಹೊಡೆಯುವ ದಡ

ಮೊನ್ನೆ ತಂಗಿಯ ಬಾಣಂತನಕ್ಕೆಂದು ಕೋಲಾರಕ್ಕೆ ಹೋದವಳು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟೆ. ಗ್ರಂಧಿಗೆ ಅಂಗಡಿಯಿಂದ ತಂದ ಒಣ ಲಕ್ಕಿ ಸೊಪ್ಪು ಬಾಣಂತಿ ಸ್ನಾನದ ಹಂಡೆಯಲ್ಲಿ ಕುದಿಯುತ್ತಿತ್ತು. ಕವರಿನೊಳಗೆ ಎಷ್ಟು ತಿಂಗಳಿಂದ ಬಿದ್ದಿತ್ತೋ, ಆದರೂ ಆ ಕಹಿ ಘಾಟು ಮೂಗಿಗೆ ಬಡಿದದ್ದೇ ತಡ, ತಾಯಲೂರಿನ ಆಚೆಗಿದ್ದ ನಮ್ಮ ಹಳೆಯ ಮನೆ, ಅದರ ಹಿತ್ತಲಾಚೆಯ ವಂಕ, ಕುಡುಗೋಲು ಹಿಡಿದ ಅವ್ವ ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ಅಪ್ಪನ ತಾಯಿಯನ್ನು ನಾವು ಅವ್ವ ಎನ್ನುತ್ತಿದ್ದೆವು, ಹಳ್ಳವನ್ನು ವಂಕ ಎನ್ನುತ್ತಿದ್ದೆವು. ಈಗ ಎರಡೂ ಇಲ್ಲ. ಅವ್ವನಿಗೆ ವಯಸ್ಸಾಗಿತ್ತು, ಹೋದಳು. ವಂಕ ಹೋಗುವುದಕ್ಕೆ ಮಾತ್ರ ಕಾರಣ ನಾನು. ಇದನ್ನು ಇವತ್ತಿನವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ನಿಮ್ಮ ಊರಿನಲ್ಲೂ ಇಂಥದ್ದೊಂದು ಹಳ್ಳ ಇದ್ದೇ ಇರುತ್ತದೆ, ಆದ್ದರಿಂದ ಹೆಚ್ಚು ವರ್ಣಿಸುವುದಿಲ್ಲ. ಮೇಲೆ ಹೊಂಗೆ ಮರಗಳ ನೆರಳು, ದಡದ ಉದ್ದಕ್ಕೂ ಲಕ್ಕಿ ಪೊದೆ, ತಿರುವಿನಲ್ಲಿ ಈಚಲು, ನೀರಿನಂಚಿಗೆ ಲಾವಂಚ. ಆ ಬೇರುಗಳ ನಡುವೆ, ಮರಳಿನೊಳಗಿಂದ ಒಂದು ಊಟೆ ಉಕ್ಕುತ್ತಿತ್ತು. ಬೇಸಿಗೆಯಲ್ಲೂ ತಣ್ಣಗೆ, ತುಸು ಲಾವಂಚದ ವಾಸನೆಯ ಸಿಹಿನೀರು. ನಮ್ಮ ಬೀದಿಯ ಅಡುಗೆಯೆಲ್ಲ ಅದರಲ್ಲೇ ಆಗುತ್ತಿತ್ತು. ಗದ್ದೆಗೆ ಹೊಂಗೆ ಸೊಪ್ಪು, ಕಸ ಗುಡಿಸಲು ಈಚಲು ಗರಿ, ಅವರೆ ಬೀಜಕ್ಕೆ ಹುಳ ಹತ್ತದಂತೆ ಮಡಕೆಯೊಳಗೆ ಲಕ್ಕಿ ಎಲೆ, ಹೀಗೆ ದಿನಕ್ಕೊಬ್ಬರಾದರೂ ಅಲ್ಲಿಗೆ ಇಳಿಯುತ್ತಿದ್ದರು. ಊರಿನ ಬಾಣಂತಿಯರಿಗೆಲ್ಲ ನೀರು ಹಾಕುತ್ತಿದ್ದವಳು ಅವ್ವ. ಅವಳದ್ದೊಂದು ಕಟ್ಟಳೆ ಇತ್ತು. ವಂಕ ತಿರುಗುವಲ್ಲಿ ನೀರು ಬಂದು ಹೊಡೆಯುವ ದಡದಿಂದ ಒಂದು ಕಡ್ಡಿಯನ್ನೂ ಕೊಯ್ಯಬಾರದು. ಬೇಕಾದರೆ ಕಲ್ಲು ದಾಟಿ ಆಚೆ ದಡಕ್ಕೆ ಹೋಗಬೇಕು, ಅಲ್ಲಿಯೂ ಮೊಳಕಾಲೆತ್ತರ ಬಿಟ್ಟೇ ಕೊಯ್ಯಬೇಕು. ಅವಸರಕ್ಕೆ ಈಚೆ ಕೈಹಾಕಿದವರು ಎಷ್ಟು ದೊಡ್ಡವರಾದರೂ ಅವಳ ಬಾಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ನನಗಾಗ ಹತ್ತು ವರ್ಷ. ಮುಳಬಾಗಿಲಿನಲ್ಲಿ ಅತ್ತೆಗೆ ಹೆರಿಗೆಯಾಗಿ ಅವ್ವ ಅಲ್ಲಿಗೆ ಹೋಗಿದ್ದಳು. ಸಂಜೆ ಬಸ್ಸಿಗೆ ಒಂದು ಹೊರೆ ಲಕ್ಕಿ ಸೊಪ್ಪು ಕಳಿಸಿ ಎಂದು ಹೇಳಿಕಳಿಸಿದ್ದಳು. ಕೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪಕ್ಕದ ಮನೆಯ ಹುಡುಗಿಯರ ಜೊತೆ ಕುಂಟೆಬಿಲ್ಲೆಗೆ ನಿಂತವಳು, ಬಸ್ಸಿನ ಹಾರ್ನ್ ಕೇಳಿದ ಮೇಲೆಯೇ ಎಚ್ಚೆತ್ತದ್ದು. ಬರಿಗೈಯಲ್ಲಿ ಮನೆಗೆ ಓಡಿ, ಬೈಗುಳಕ್ಕೆ ಹೆದರಿ, ಲಕ್ಕಿ ಪೊದೆಯಲ್ಲಿ ನಾಗರಹಾವು ಹೆಡೆಯೆತ್ತಿ ನನ್ನ ಕಡೆಗೇ ಬಂತು ಎಂದುಬಿಟ್ಟೆ. ಅಳು ಮಾತ್ರ ನಿಜವಾಗಿಯೇ ಬಂತು. ಮಕ್ಕಳಿಲ್ಲದ ಚಿಕ್ಕಪ್ಪನಿಗೆ ನಾನೆಂದರೆ ಪ್ರಾಣ. ನನ್ನ ಕಾಲುಗಳನ್ನು ಎರಡೆರಡು ಸಲ ತಿರುಗಿಸಿ ನೋಡಿದ.

ಮರುದಿನವೇ ಪಕ್ಕದ ಹೊಲ ಮಟ್ಟ ಮಾಡಲು ಬಂದಿದ್ದ ಜೆಸಿಬಿಯನ್ನು ಚಿಕ್ಕಪ್ಪ ವಂಕಕ್ಕೆ ಇಳಿಸಿದ. ಪೊದೆ ಇದ್ದರೆ ತಾನೇ ಹಾವು ಎಂದು ಎರಡೂ ದಡದ ಗಿಡಮರಗಳನ್ನು ಬೇರುಸಮೇತ ಕೀಳಿಸಿ ಬೋಳು ಮಾಡಿಸಿದ. ನಾಲ್ಕಾರು ಜನ ನಿಂತು ನೋಡಿ, ಈಗ ಚೊಕ್ಕಟವಾಯಿತು ಎಂದರು. ನಾನೂ ನೋಡುತ್ತಾ ನಿಂತಿದ್ದೆ. ಹೇಳುವುದಕ್ಕೆ ಒಂದಿಡೀ ರಾತ್ರಿ ಸಮಯವಿತ್ತು, ಹೇಳಲಿಲ್ಲ.

ವಾರ ಕಳೆದು ಅವ್ವ ಬಂದಳು. ವಂಕದ ಮುಂದೆ ನಿಂತು ಮಗನ ಕಡೆ ತಿರುಗಿ, "ಏನು ನಾಯನಾ, ನೀರು ಹೊಡ್ಯೋ ಕಡೇನೇ ಕಿತ್ತಾಕ್ಬಿಟ್ಟಲ್ಲೋ" ಎಂದಳು, ಅಷ್ಟೇ. ಚಿಕ್ಕಪ್ಪ ನನ್ನ ಹೆಸರು ಎತ್ತಲಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ. ಮೊದಲ ದೊಡ್ಡ ಮಳೆಗೆ ಆ ದಡ ಹೆಂಟೆಹೆಂಟೆಯಾಗಿ ಕುಸಿಯಿತು. ಕೆಮ್ಮಣ್ಣೆಲ್ಲ ಮರಳಿನ ಮೇಲೆ ಕೂತು ಊಟೆ ಮುಚ್ಚಿಹೋಯಿತು. ಅವ್ವ ದಿನಾ ಬೆಳಿಗ್ಗೆ ಬಾಣಲಿ ಹಿಡಿದು ಹೋಗಿ ಮಣ್ಣು ತೋಡುತ್ತಿದ್ದಳು, ಇನ್ನೊಂದು ಮಳೆ ಅದನ್ನು ತುಂಬುತ್ತಿತ್ತು. ಆ ವರ್ಷವೇ ನಾವು ಬೋರ್‌ವೆಲ್ಲಿನ ಉಪ್ಪುನೀರಿಗೆ ಬಂದೆವು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅವ್ವ ಒಂದು ಗುಟುಕು ಕುಡಿದು ಲೋಟ ಕೆಳಗಿಡುತ್ತಿದ್ದಳು. ಎರಡು ವರ್ಷಕ್ಕೆ ತೀರಿಕೊಂಡಳು. ಊರವರು ಚಿಕ್ಕಪ್ಪನಿಗೆ ವಂಕ ಮುಚ್ಚಿದೋನು ಎಂದೇ ಹೆಸರಿಟ್ಟರು. ಟೀ ಅಂಗಡಿಯಲ್ಲಿ ಅವನ ಎದುರಿಗೇ ಹಾಗೆ ಕರೆಯುತ್ತಿದ್ದರು, ಅವನು ಟೀ ಕುಡಿದು ಎದ್ದು ಬರುತ್ತಿದ್ದ.

ಚಿಕ್ಕಪ್ಪ ಪ್ರತಿ ಮಳೆಗಾಲಕ್ಕೂ ಅಲ್ಲಿ ಲಕ್ಕಿ ಕಡ್ಡಿ ನೆಟ್ಟ, ಹೊಂಗೆ ಸಸಿ ಇಟ್ಟ. ಹಿಡಿದುಕೊಳ್ಳಲು ಮಣ್ಣೇ ಉಳಿದಿರಲಿಲ್ಲ, ಬರೀ ಗುಂಡುಕಲ್ಲು. ಹೋದ ವರ್ಷ, ಅವನು ತೀರಿಕೊಳ್ಳುವ ಒಂದು ತಿಂಗಳ ಮುಂಚೆ, ಕೈಹಿಡಿದು ವಂಕದ ತನಕ ನಡೆಸಿಕೊಂಡು ಹೋಗಿದ್ದೆ. ಒಣಗಿದ ಸಸಿಯೊಂದರ ಪಕ್ಕ ಕೂತು ದಣಿವಾರಿಸಿಕೊಂಡ.

"ಊರೋರು ಅನ್ನೋದು ಸರೀನೇ ಕಣೇ, ಮುಚ್ಚಿದ್ದು ನಾನೇ" ಎಂದ. "ಅವ್ವನ ಮುಖ ಮರೆಯಕ್ಕಾಗಲ್ಲ. ಆದ್ರೂ ಒಂದು ಸಮಾಧಾನ ನೋಡು ಮಗಾ, ಆ ಹಾವು ನಿನ್ನ ಮುಟ್ಲಿಲ್ಲ."

ನಾನು ಬಾಯಿ ತೆರೆದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಹತ್ತಿರ ಉಳಿದಿದ್ದುದು ಆ ಸಮಾಧಾನವೊಂದೇ.

"ಹೂಂ ಚಿಕ್ಕಪ್ಪ, ಮುಟ್ಲಿಲ್ಲ" ಎಂದೆ.